ಓದುಗರ ಪ್ರಶ್ನೆ: ಪೆಂಗ್ವಿನ್ ಕುಣಿಯುತ್ತದಾ?

ಕಳೆದ ಸಂಚಿಕೆಯ ಪದಬಂಧದಲ್ಲಿ ‘ಕರಿಕೋಟು ತೊಟ್ಟು ಕುಣಿಯುವ ಹಕ್ಕಿ (3)’ ಅಂತ ಒಂದು ಸುಳಿವು ಕೊಟ್ಟಿದ್ದೆ. ಉತ್ತರ ಪೆಂಗ್ವಿನ್. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇದರ ಮೇಲಿನ ಜಗಳವೇ. ಹಾಗಾಗಿ ಬೇರೆ ಪ್ರಶ್ನೆಗಳಿಗೆ ಈ ಸಲ ರಜೆ.

ಪ್ರಶ್ನೆ: ಕೊನೆಯ ‘ನ್’ ಅರ್ಧಾಕ್ಷರ ತಾನೇ? ಅದಕ್ಕೆ ಒಂದು ಇಡೀ ಚೌಕ ಯಾಕೆ?

ಪಾಪ, ಅದು ಇನ್ನೆಲ್ಲಿ ಹೋಗಬೇಕು ಸ್ವಾಮಿ? ‘ಪೆಂ’ನಲ್ಲಿ ಸೊನ್ನೆ ಪಕ್ಕದಲ್ಲೇ ಕೂತಿದೆ. ‘ಗ್ವಿ’ಯಲ್ಲಿ ವಕಾರ ಒತ್ತಾಗಿ ಗಕಾರದ ಕಾಲಿಗೆ ಅಂಟಿಕೊಂಡಿದೆ. ‘ನ್’ ಮುಂದೆ ಒರಗಿಕೊಳ್ಳೋಕೆ ಯಾವ ಅಕ್ಷರವೂ ಇಲ್ಲ. ಹಾಗಾಗಿ ಒಂದು ಚೌಕ ಅದರದ್ದೇ. ಕಷ್ಟ ನಿಮಗಲ್ಲ, ಪದಬಂಧ ಕಟ್ಟುವವರಿಗೆ. ಆ ಚೌಕದ ಮೂಲಕ ಮೇಲಿನಿಂದ ಇಳಿಯುವ ಪದವೂ ‘ನ್’ನಲ್ಲೇ ಮುಗಿಯಬೇಕಲ್ವಾ? ಅಚ್ಚಗನ್ನಡ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಕೊನೆಗೆ ಬಟನ್ನು, ಕ್ಯಾಪ್ಟನ್ನುಗಳ ಕೈಕಾಲು ಹಿಡಿಯಬೇಕು. ಇಂಥ ಪದಗಳನ್ನು ನಾನು ಬಲಗಡೆಯ ಕೆಳಮೂಲೆಗೆ ತಳ್ಳೋದು ಇದಕ್ಕೇ.

ಪ್ರಶ್ನೆ: ನೆಟ್ಟಗೆ ನಡೆಯೋಕೂ ಬಾರದ ಹಕ್ಕಿ ಕುಣಿಯುತ್ತದೆ ಅಂದರೆ ನಂಬಬೇಕಾ?

ನಂಬಿ. ಮೊದಲು ನಡಿಗೆಯ ವಿಷಯ ಮುಗಿಸೋಣ. ಆ ಓಲಾಟ ನೋಡಿ ನಾವು ನಗುತ್ತೇವೆ, ಆದರೆ ಅದರಲ್ಲಿ ಲೆಕ್ಕಾಚಾರ ಇದೆ. ಪೆಂಗ್ವಿನ್ ಕಾಲು ತೀರ ಗಿಡ್ಡ, ನಡೆಯೋಕೆ ಶಕ್ತಿ ಜಾಸ್ತಿ ಬೇಕು. ಓಲಾಡುವುದೇ ಅದಕ್ಕೆ ಕಾರಣ ಅಂತ ಬಹಳ ಜನ ಅಂದುಕೊಂಡಿದ್ದರು. 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಗಡಿಯಾರದ ಲೋಲಕದ ಹಾಗೆ, ಒಂದು ಪಕ್ಕಕ್ಕೆ ವಾಲಿದಾಗ ಕೂಡಿಟ್ಟ ಶಕ್ತಿ ಮುಂದಿನ ಹೆಜ್ಜೆಗೆ ವಾಪಸ್ ಸಿಗುತ್ತದೆ. ಓಲಾಡದೆ ನಡೆದಿದ್ದರೆ ಇನ್ನೂ ಸುಸ್ತಾಗುತ್ತಿತ್ತು.

ಈಗ ಕುಣಿತ. ಗಂಡು ಅಡೇಲಿ ಪೆಂಗ್ವಿನ್ ಹೆಣ್ಣನ್ನು ಕರೆಯುವಾಗ ಕೊಕ್ಕನ್ನು ಆಕಾಶಕ್ಕೆ ಎತ್ತುತ್ತದೆ. ರೆಕ್ಕೆಗಳನ್ನು ಹಿಂದೆ ಮುಂದೆ ಬಡಿಯುತ್ತದೆ. ಎದೆಯೊಳಗಿಂದ ಡಬಡಬ ಸದ್ದು ಏಳುತ್ತದೆ, ಕೊನೆಗೆ ಒಂದು ಕರ್ಕಶ ಕೂಗು. ಇಷ್ಟೆಲ್ಲ ಮಾಡಿ, ಗೂಡಿಗೆ ಪಕ್ಕದವರ ಕಲ್ಲು ಕದಿಯೋದನ್ನೂ ಬಿಡುವುದಿಲ್ಲ!

ನನಗೆ ಇಷ್ಟವಾದದ್ದು ಎಂಪರರ್ ಪೆಂಗ್ವಿನ್ನಿನ ಜೋಡಿ ನೃತ್ಯ. ಎದುರುಬದುರು ನಿಂತು ಕತ್ತು ಬಗ್ಗಿಸಿ ನಮಸ್ಕಾರ ಮಾಡಿಕೊಳ್ಳುತ್ತವೆ. ಮೊಟ್ಟೆ ಬಂದ ಮೇಲೆ ನಿಜವಾದ ಪರೀಕ್ಷೆ. ಹೆಣ್ಣು ತನ್ನ ಪಾದದ ಮೇಲಿರುವ ಮೊಟ್ಟೆಯನ್ನು ಗಂಡಿನ ಪಾದದ ಮೇಲೆ ದಾಟಿಸಬೇಕು. ಪಾದಕ್ಕೆ ಪಾದ ತಾಗುವಷ್ಟು ಹತ್ತಿರ, ಕೊಕ್ಕಿನಿಂದ ಮೆಲ್ಲಗೆ ಉರುಳಿಸುತ್ತಾ. ತಡವಾದರೆ ಮಂಜಿನ ಮೇಲೆ ಬಿದ್ದ ಮೊಟ್ಟೆ ಹೆಪ್ಪುಗಟ್ಟಿ ಹೋಗುತ್ತದೆ. ದಾಟಿತೋ, ಹೆಣ್ಣು ಸಮುದ್ರಕ್ಕೆ ಹೊರಡುತ್ತದೆ. ಗಂಡು ಏನೂ ತಿನ್ನದೆ ಸುಮಾರು 65 ದಿನ ಕಾವು ಕೊಡುತ್ತದೆ.

ಆ ಚಳಿಯಲ್ಲಿ ಗಂಡುಗಳೆಲ್ಲ ಒತ್ತೊತ್ತಾಗಿ ಗುಂಪುಗೂಡುತ್ತವೆ. ಅಲ್ಲೂ ಸುಮ್ನೆ ನಿಲ್ಲುವುದಿಲ್ಲ. ಅರ್ಧದಿಂದ ಒಂದು ನಿಮಿಷಕ್ಕೊಮ್ಮೆ ಒಂದು ಹಕ್ಕಿ 5ರಿಂದ 10 ಸೆಂಟಿಮೀಟರ್ ಸರಿಯುತ್ತದೆ, ಪಕ್ಕದ್ದೂ ಸರಿಯುತ್ತದೆ, ಇಡೀ ಗುಂಪಿನಲ್ಲಿ ಅಲೆ ಹರಿಯುತ್ತದೆ. ಕಾಲಮೇಲೆ ಮೊಟ್ಟೆ ಇಟ್ಟುಕೊಂಡು ಇಷ್ಟು ತಾಳ ಹಿಡಿಯುವ ನರ್ತಕರು ಬೇರೆ ಯಾರಿದ್ದಾರೆ, ಹೇಳಿ.

ಪ್ರಶ್ನೆ: ಪೆಂಗ್ವಿನ್‌ಗೆ ಮಂಡಿ ಇದೆಯಾ? (ಐದನೇ ತರಗತಿ ಹುಡುಗಿ)

ಇದೆ ಪುಟ್ಟಿ. ಗರಿಗಳ ಒಳಗೆ ಅಡಗಿದೆ, ಅಷ್ಟೇ. ಅದು ಯಾವಾಗಲೂ ಮಂಡಿ ಮಡಚಿಕೊಂಡೇ ನಿಂತಿರುತ್ತದೆ. ನೀನೂ ಹಾಗೇ ನಡೆದು ನೋಡು, ಓಲಾಟ ಯಾಕೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ‘ಪೆಂಗ್ವಿನ್’ ಅನ್ನೋ ಹೆಸರು ಮೊದಲು ಬೇರೆ ಹಕ್ಕಿಗೆ ಇತ್ತಂತೆ, ನಿಜವೇ?

ನಿಜ. ಉತ್ತರ ಅಟ್ಲಾಂಟಿಕ್‌ನಲ್ಲಿ ಗ್ರೇಟ್ ಆಕ್ ಅನ್ನೋ ಹಾರಲಾರದ ಹಕ್ಕಿ ಇತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳುಪು. ನಾವಿಕರು ಪೆಂಗ್ವಿನ್ ಅಂತಿದ್ದದ್ದು ಅದನ್ನೇ. ದಕ್ಷಿಣಕ್ಕೆ ಹೋದವರು ಅಂಥದ್ದೇ ಹಕ್ಕಿ ಕಂಡು ಅದೇ ಹೆಸರಿಟ್ಟರು. ಇವೆರಡಕ್ಕೂ ಹತ್ತಿರದ ನಂಟೇನೂ ಇಲ್ಲ. ಗ್ರೇಟ್ ಆಕ್‌ನ ಕೊನೆಯ ಜೋಡಿಯನ್ನು 1844ರಲ್ಲಿ ಐಸ್‌ಲ್ಯಾಂಡ್ ಬಳಿಯ ಎಲ್ಡೆ ದ್ವೀಪದಲ್ಲಿ ಕೊಂದರು. ಹೆಸರು ಮಾತ್ರ ಬೇರೆಯವರ ಪಾಲಾಯಿತು.

ಪ್ರಶ್ನೆ: ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ನೃತ್ಯದ ಪದ ಇದೆಯಾ?

ಎರಡಿವೆ. ‘ನಟನ’ ಸುಲಭ. ‘ನರ್ತನ’ ಜಾಸ್ತಿ ಮಜಾ. ಅಕ್ಷರ ಲೆಕ್ಕದಲ್ಲಿ ನ, ರ್ತ, ನ, ಸರಿಯಾಗಿ ತಿರುಗುತ್ತದೆ. ಆದರೆ ಬಾಯಲ್ಲಿ ಹೇಳಿ ಆ ಧ್ವನಿಯನ್ನು ರೆಕಾರ್ಡ್ ಮಾಡಿ ಉಲ್ಟಾ ಹಾಕಿದರೆ ‘ಅನತ್ರನ್’ ಅಂತೇನೋ ಕೇಳಿಸುತ್ತದೆ. ನಮ್ಮ ಗತಪ್ರತ್ಯಾಗತದ ಆಟ ಬರಹದ ಆಟ. ಇನ್ನೂ ಉದ್ದದ್ದು ಬೇಕಾದರೆ ‘ಕುಬೇರನಿಗೇನಿರಬೇಕು’ ಅಂತ ಬರೆದು ತಿರುಗಿಸಿ ನೋಡಿ.

ಈ ಸಲದ ಒಗಟು: ಎರಡಕ್ಷರದ ಮೂರು ಪದ. ಮೊದಲಕ್ಷರ ಮಾತ್ರ ಬೇರೆ ಬೇರೆ. ಒಂದನ್ನು ಕಾಲಿಂದ ಇಡುತ್ತೀರಿ, ಇನ್ನೊಂದನ್ನು ಕಾಲಿಗೆ ಕಟ್ಟುತ್ತೀರಿ. ಮೂರನೆಯದು ಬಂದರೆ ಮೊದಲೆರಡಿದ್ದೂ ಕುಣಿಯೋಕಾಗಲ್ಲ. ಉತ್ತರ ಮುಂದಿನ ಸಂಚಿಕೆಯಲ್ಲಿ. ಅರ್ಧಾಕ್ಷರದ ಜಗಳಕ್ಕೆ ಈ ಸಲ ಜಾಗ ಕೊಟ್ಟಿಲ್ಲ.