ಆನರ್ ಸೊಸೈಟಿಯಿಂದ ಕರೆ ಬಂದಿದೆ, ದುಡ್ಡು ಕಟ್ಟಬಹುದಾ?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ಅವರ ಮಗಳು ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಎಂಎಸ್ ಓದುತ್ತಿದ್ದಾಳೆ. ಒಂದು ‘ಆನರ್ ಸೊಸೈಟಿ’ಯಿಂದ (ಚೆನ್ನಾಗಿ ಓದುವ ವಿದ್ಯಾರ್ಥಿಗಳನ್ನು ಆರಿಸಿ ಗೌರವಕ್ಕೆ ಸದಸ್ಯತ್ವ ಕೊಡುವ ಸಂಘ) ಅವಳಿಗೆ ಇ-ಮೇಲ್ ಬಂದಿದೆ. ‘ನಿಮ್ಮ ಓದು, ನಾಯಕತ್ವ, ಗುಣನಡತೆ ನೋಡಿ ಆರಿಸಿದ್ದೇವೆ, 95 ಡಾಲರ್ ಕಟ್ಟಿ ಸದಸ್ಯರಾಗಿ’ ಅಂತ. ‘ಇದು ಗೌರವವೋ ವ್ಯಾಪಾರವೋ? ನನ್ನ ಮಗಳ ಗುಣ ಇವರಿಗೆ ಹೇಗೆ ಗೊತ್ತಾಯಿತು?’

ನಮಸ್ಕಾರ ಅಮ್ಮಾ,

ನಿಮ್ಮ ಎರಡನೇ ಪ್ರಶ್ನೆ ನನಗೆ ಬಹಳ ಹಿಡಿಸಿತು. ಆದರೆ ದುಡ್ಡು ಕಟ್ಟಲು ಕೊನೆ ದಿನ ಹತ್ತಿರ ಬಂತು ಅಂದಿದ್ದೀರಿ, ಹಾಗಾಗಿ ಮೊದಲನೆಯದನ್ನೇ ಮೊದಲು ನೋಡೋಣ. ಶುಲ್ಕ ಕೇಳಿದರು ಅಂತಲೇ ಮೋಸ ಅನ್ನುವ ಹಾಗಿಲ್ಲ. ಅಲ್ಲಿನ ಹೆಸರಾಂತ ಸಂಘಗಳೂ ಸೇರುವಾಗ ಶುಲ್ಕ ತೆಗೆದುಕೊಳ್ಳುತ್ತವೆ. ವಿಚಾರಿಸಬೇಕಾದ್ದು ಒಂದೇ: ಮಗಳನ್ನು ಆರಿಸಿದವರು ಯಾರು? ಅವಳಿಗೆ ಪಾಠ ಹೇಳುವವರೋ, ಅವಳ ಮುಖವನ್ನೇ ನೋಡಿರದ ಯಾವುದೋ ಆಫೀಸಿನವರೋ?

ಹಳೆಯ ಸಂಘಗಳು ಕಾಲೇಜಿನ ಒಳಗೇ ಹುಟ್ಟಿದವು. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೆಲವು ಹುಡುಗರು ಫೈ ಬೀಟಾ ಕಪ್ಪಾ ಕಟ್ಟಿದರು. ಅಮೆರಿಕ ಸ್ವಾತಂತ್ರ್ಯ ಘೋಷಿಸಿ ಆಗಿನ್ನೂ ಐದು ತಿಂಗಳು. ಶುರುವಿನಲ್ಲಿ ಅದು ಗುಟ್ಟಿನ ಕೂಟ. ಕೈ ಕುಲುಕುವುದಕ್ಕೂ ಗುಟ್ಟಿನ ರೀತಿ ಇತ್ತಂತೆ, ಹುಡುಗರಲ್ವಾ! ಈಗ ಅದಕ್ಕೆ ಅರ್ಜಿ ಹಾಕಿ ಸೇರಲು ಆಗುವುದಿಲ್ಲ. ಕಾಲೇಜಿನಲ್ಲಿರುವ ಘಟಕವೇ ಆರಿಸಬೇಕು, ಅದೂ ಹೆಚ್ಚಾಗಿ ಕಲೆ, ವಿಜ್ಞಾನದ ಪದವಿ ವಿದ್ಯಾರ್ಥಿಗಳನ್ನು. ಎಂಜಿನಿಯರಿಂಗ್ ಓದುವವರಿಗೆ ಅಲ್ಲಿ ಜಾಗ ಇಲ್ಲ ಅಂತ 1885ರಲ್ಲಿ ಲೀಹೈ ವಿಶ್ವವಿದ್ಯಾಲಯದಲ್ಲಿ ಟೌ ಬೀಟಾ ಪೈ ಶುರುವಾಯಿತು. ನಿಮ್ಮ ಮಗಳ ವಿಷಯಕ್ಕೇ ಏಟಾ ಕಪ್ಪಾ ನೂ ಅಂತ ಒಂದಿದೆ. 1904ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ್ದು, 2010ರಿಂದ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳ ದೊಡ್ಡ ಸಂಸ್ಥೆಯಾದ ಐಇಇಇಯ ಭಾಗ. (ಈ ಹೆಸರುಗಳಲ್ಲಿ ಗ್ರೀಕ್ ಅಕ್ಷರ ಕಂಡು, ಹಾಲಿವುಡ್ ಸಿನಿಮಾಗಳಲ್ಲಿ ರಾತ್ರಿಯಿಡೀ ಪಾರ್ಟಿ ಮಾಡುವ ಹುಡುಗರ ‘ಫ್ರೆಟರ್ನಿಟಿ’ ಅಂದುಕೊಂಡು ಗಾಬರಿಯಾಗಬೇಡಿ. ಅದೇ ಬೇರೆ, ಇದೇ ಬೇರೆ.)

ಇನ್ನು ಗುಣದ ಮಾತು. ಟೌ ಬೀಟಾ ಪೈಯಲ್ಲಿ ಪದವಿಯ ಮೂರನೇ ವರ್ಷದವರು ತರಗತಿಯ ಮೇಲಿನ ಎಂಟನೇ ಒಂದು ಭಾಗದಲ್ಲಿ ಇರಬೇಕು, ಕೊನೆ ವರ್ಷದವರು ಮೇಲಿನ ಐದನೇ ಒಂದು ಭಾಗದಲ್ಲಿ. ಅಂಕದ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಗುಣ ನೋಡಿ ಘಟಕದ ಸದಸ್ಯರು ಮತ ಹಾಕುತ್ತಾರೆ. ಮತ ಹಾಕುವವರು ಅದೇ ಕಾಲೇಜಿನ ಹುಡುಗರು. ಲ್ಯಾಬ್ ರಿಪೋರ್ಟ್ ಯಾರು ನಕಲು ಮಾಡುತ್ತಾರೆ, ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಯಾರು ಕೈಕೊಡುತ್ತಾರೆ ಅನ್ನುವುದು ಪ್ರೊಫೆಸರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಇದರಲ್ಲೂ ಸ್ನೇಹ, ಹೊಟ್ಟೆಕಿಚ್ಚು ನುಸುಳಬಹುದು. ಆದರೂ ನಮ್ಮಲ್ಲಿ ಟಿಸಿ ಕೊಡುವಾಗ ಎಲ್ಲರಿಗೂ ಕಣ್ಣುಮುಚ್ಚಿ ‘ನಡತೆ: ತೃಪ್ತಿಕರ’ ಅಂತ ಬರೆಯುವುದಕ್ಕಿಂತ ಇದು ವಾಸಿ ಅನಿಸುತ್ತದೆ ನನಗೆ.

ಇದೇ ಸಂಘದಲ್ಲಿ ಹುಡುಗಿಯರಿಗೆ ಏನಾಯಿತು ನೋಡಿ. ಅಷ್ಟೇ ಅಂಕ, ಅಷ್ಟೇ ಒಳ್ಳೆಯ ನಡತೆ ಇದ್ದರೂ ಅವರಿಗೆ ಸದಸ್ಯತ್ವ ಇರಲಿಲ್ಲ. 1930ರ ದಶಕದಿಂದ ‘ಮಹಿಳಾ ಬ್ಯಾಜ್’ ಅಂತ ಒಂದನ್ನು ಕೊಟ್ಟು ಸಮಾಧಾನ ಮಾಡುತ್ತಿದ್ದರು. ಪೂರ್ತಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ. ನಾಯಕತ್ವಕ್ಕೆಂದೇ 1914ರಲ್ಲಿ ವಾಷಿಂಗ್ಟನ್ ಅಂಡ್ ಲೀ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಓಮಿಕ್ರಾನ್ ಡೆಲ್ಟಾ ಕಪ್ಪಾ ಹುಡುಗಿಯರನ್ನು ಸೇರಿಸಿಕೊಂಡಿದ್ದು 1974ರಲ್ಲಿ, ಅದೂ ಓದಿನಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಅನ್ನುವ 1972ರ ಟೈಟಲ್ ನೈನ್ ಕಾಯ್ದೆ ಬಂದ ಮೇಲೆ. ಫೈ ಬೀಟಾ ಕಪ್ಪಾದ ವರ್ಮಾಂಟ್ ಘಟಕ 1875ರಲ್ಲೇ ಮಹಿಳೆಯರನ್ನು ಆರಿಸಿತ್ತು. ಅಂದರೆ ಮನಸ್ಸಿದ್ದರೆ ಆಗುತ್ತಿತ್ತು. ಹಾಗಾಗಿ ‘ಗುಣ ನೋಡಿ ಆರಿಸಿದ್ದೇವೆ’ ಅಂದಾಗ ನೀವು ಅನುಮಾನ ಪಟ್ಟಿದ್ದು ಸರಿಯೇ.

ಈಗ ನಿಮಗೆ ಬಂದ ಇ-ಮೇಲ್. ಅದರಲ್ಲಿ ಕಾಲೇಜಿನ ಅಧ್ಯಾಪಕರ ಹೆಸರಿಲ್ಲ, ಸಮಾರಂಭ ಎಲ್ಲಿ ಅಂತಲೂ ಇಲ್ಲ, ಕಾರ್ಡ್ ನಂಬರ್ ಹಾಕುವ ಜಾಗ ಮಾತ್ರ ಇದೆ ಅಂದಿದ್ದೀರಿ. ನನಗೆ ಇದು ಅಷ್ಟು ಸರಿ ಕಾಣುತ್ತಿಲ್ಲ. ಮಗಳು ತನ್ನ ವಿಭಾಗದ ಆಫೀಸಿನಲ್ಲಿ ಕೇಳಲಿ: ಇವರ ಘಟಕ ನಮ್ಮ ಕ್ಯಾಂಪಸ್‌ನಲ್ಲಿ ಇದೆಯಾ? ಸಲಹೆಗಾರ ಪ್ರೊಫೆಸರ್ ಯಾರು? ಇಂಥ ಸಂಘಗಳಿಗೆ 1925ರಿಂದ ಒಂದು ಒಕ್ಕೂಟವಿದೆ, ಅಸೋಸಿಯೇಷನ್ ಆಫ್ ಕಾಲೇಜ್ ಆನರ್ ಸೊಸೈಟೀಸ್ ಅಂತ. ಅದರ ಪಟ್ಟಿಯನ್ನೂ ನೋಡಲಿ. ಅಲ್ಲಿ ಹೆಸರಿಲ್ಲದ ಮಾತ್ರಕ್ಕೆ ಸುಳ್ಳು ಸಂಘ ಅಂತ ಅಲ್ಲ, ಇದ್ದರೆ ಧೈರ್ಯ.

ಲಾಭದ ವಿಷಯ. ಒಕ್ಕೂಟ ಒಪ್ಪಿದ ಸಂಘದ ಸದಸ್ಯತ್ವ ಇದ್ದರೆ ಅಮೆರಿಕದ ಕೇಂದ್ರ ಸರ್ಕಾರಿ ಕೆಲಸದಲ್ಲಿ ಜಿಎಸ್-5 ಅನ್ನುವ ಸಂಬಳದ ದರ್ಜೆಯ ಬದಲು ಅದಕ್ಕಿಂತ ಮೇಲಿನ ಜಿಎಸ್-7ರಲ್ಲಿ ಸೇರಲು ಅನುಕೂಲ. ಆದರೆ ಆ ಕೆಲಸಗಳು ಹೆಚ್ಚಾಗಿ ಅಲ್ಲಿನ ಪ್ರಜೆಗಳಿಗೆ, ಓದುವ ವೀಸಾದಲ್ಲಿರುವ ನಿಮ್ಮ ಮಗಳಿಗೆ ಉಪಯೋಗವಿಲ್ಲ. ಖಾಸಗಿ ಕಂಪನಿಗೆ ಹಾಕುವ ರೆಸ್ಯೂಮೆಯಲ್ಲಿ ಇದು ಒಂದು ಸಾಲು, ಅದೂ ಪ್ರಾಜೆಕ್ಟ್, ಇಂಟರ್ನ್‌ಶಿಪ್‌ಗಳ ಕೆಳಗೆ. 95 ಡಾಲರ್ ಅಂದರೆ ನಮ್ಮ ಲೆಕ್ಕದಲ್ಲಿ ಏಳೂವರೆ ಸಾವಿರಕ್ಕೂ ಜಾಸ್ತಿ. ಘಟಕ ನಿಜವಾಗಿದ್ದು, ಕೈ ಬಿಗಿ ಇಲ್ಲದಿದ್ದರೆ ಖುಷಿಯಿಂದ ಕಟ್ಟಲಿ. ವಿಭಾಗದಿಂದ ಉತ್ತರ ಬರುವ ಮೊದಲೇ ಕೊನೆ ದಿನ ದಾಟಿದರೆ ದಾಟಲಿ ಬಿಡಿ, ಅವಸರ ಪಟ್ಟು ಮಾತ್ರ ಕಟ್ಟುವುದು ಬೇಡ.

– ಸಂ.