ಮಗಳ ಶಾಪಿಂಗ್‌ಗೆ ಕಡಿವಾಣ ಹಾಕುವುದು ಹೇಗೆ?

ಪ್ರಶ್ನೆ: ಮಗಳಿಗೆ 15 ವರ್ಷ. ನನ್ನ ಕಾರ್ಡ್ ಆಪ್‌ನಲ್ಲಿ ಸೇವ್ ಆಗಿದೆ, ಬೇಕೆನಿಸಿದಾಗೆಲ್ಲ ಬಟ್ಟೆ, ಶೂ ತರಿಸಿಕೊಳ್ಳುತ್ತಾಳೆ. ಅರ್ಧಕ್ಕರ್ಧ ಅಳತೆ ಸರಿಹೋಗದೆ ಮೂಲೆ ಸೇರುತ್ತವೆ. ಕೇಳಿದರೆ ‘ಎಲ್ಲರ ಹತ್ರ ಇದೆ’ ಅಂತ ರೇಗುತ್ತಾಳೆ. ಫೋನ್ ಕಿತ್ತುಕೊಳ್ಳಲೇ?

ಉತ್ತರ: ಫೋನ್ ಕಿತ್ತುಕೊಳ್ಳಬೇಡಿ. ತೆಗೆಯಬೇಕಾದ್ದು ಕಾರ್ಡ್ ಮಾತ್ರ, ಅದೂ ಅವಳಿಗೆ ಹೇಳಿಯೇ. ಪ್ರತಿ ಸಲ ನಿಮ್ಮ ಬಳಿ ಬಂದು ನಂಬರ್ ಹಾಕಿಸಿಕೊಳ್ಳಬೇಕು ಎಂದಾದಾಗ, ಆ ಕ್ಷಣದ ಆಸೆಗೆ ಒತ್ತುತ್ತಿದ್ದ ಆರ್ಡರ್‌ಗಳು ಎಷ್ಟೋ ತಾವಾಗಿಯೇ ನಿಲ್ಲುತ್ತವೆ.

‘ಎಲ್ಲರ ಹತ್ರ ಇದೆ’ ಎನ್ನುವುದು ಬರೀ ಹಟವಲ್ಲ. ಈ ವಯಸ್ಸಿಗೆ ಗೆಳತಿಯರ ಮೆಚ್ಚುಗೆ ತುಂಬ ದೊಡ್ಡದು; ಆತುರವನ್ನು ತಡೆಯುವ ಮೆದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ‘ಎರಡೇ ಉಳಿದಿವೆ’ ಎಂಬ ಕೆಂಪಕ್ಷರ, ಓಡುವ ಗಡಿಯಾರ, ‘ಇನ್ನೊಂದು ಕೊಂಡರೆ ಡೆಲಿವರಿ ಉಚಿತ’ ಎಲ್ಲವೂ ಆ ಆತುರಕ್ಕೇ ಬೀಸಿದ ಬಲೆ. ಇದನ್ನು ನೀವು ಹೇಳಿದರೆ ಉಪದೇಶವಾಗುತ್ತದೆ, ಅವಳೇ ನೋಡಲಿ. ವಸ್ತುವನ್ನು ಕಾರ್ಟ್‌ನಲ್ಲಿ 48 ಗಂಟೆ ಬಿಟ್ಟು, ಮತ್ತೆ ತೆರೆದಾಗ ಆಫರ್ ಏನಾಗಿದೆ ಎಂದು ಗಮನಿಸಲಿ. ಗೀಟು ಹಾಕಿದ ಹಳೆಯ ಬೆಲೆ ನಿಜವೇ ಎಂದು ಅದೇ ಮಾಡೆಲ್ಲನ್ನು ಬೇರೆ ಎರಡು ಕಡೆ ಹುಡುಕಲಿ.

ಅಳತೆ ತಪ್ಪುವುದಕ್ಕೆ ದೊಡ್ಡ ಕಾರಣ ಸೈಜ್ ಚಾರ್ಟ್. ಅದರಲ್ಲಿರುವುದು ಮೈಯಳತೆಯೋ ಬಟ್ಟೆಯ ಅಳತೆಯೋ ಎಂದು ಮೊದಲು ನೋಡಬೇಕು. ಎದೆಸುತ್ತಳತೆ 84 ಸೆಂ.ಮೀ. ಇರುವವರಿಗೆ, ಹಿಗ್ಗದ ಬಟ್ಟೆಯ ಸುತ್ತಳತೆಯೂ 84 ಇದ್ದರೆ ಉಸಿರು ಕಟ್ಟುತ್ತದೆ. ಆರರಿಂದ ಹತ್ತು ಸೆಂ.ಮೀ. ಸಡಿಲ ಬೇಕು. ಅವಳಿಗೆ ಚೆನ್ನಾಗಿ ಕೂರುವ ಟಾಪ್ ಒಂದನ್ನು ನೆಲದ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ ಬರೆದಿಟ್ಟುಕೊಳ್ಳಲಿ. ಶೂಗೆ ಪಾದ ಅಳೆಯುವುದು ಸಂಜೆ, ಪಾದ ಸ್ವಲ್ಪ ಊದಿರುವಾಗ, ಕಾಗದದ ಮೇಲೆ ನಿಂತು. ಎರಡರಲ್ಲಿ ಉದ್ದದ ಪಾದದ ಲೆಕ್ಕ ಹಿಡಿದು, ಚಾರ್ಟ್‌ನಲ್ಲಿರುವುದು ಶೂವಿನ ಒಳಗಿನ ಉದ್ದವಾದರೆ ಸುಮಾರು ಒಂದು ಸೆಂ.ಮೀ. ಸೇರಿಸಬೇಕು; ಪಾದದ ಉದ್ದವೇ ಆದರೆ ಬೇಡ. ರಿವ್ಯೂಗಳಲ್ಲಿ ಐದು ಸ್ಟಾರ್‌ನವು ಬೇಡ, ಫೋಟೊ ಇರುವ ಎರಡು-ಮೂರು ಸ್ಟಾರ್‌ನವನ್ನು ಓದಲಿ. ಬಟ್ಟೆ ಒಗೆದಾಗ ಏನಾಯಿತು ಎಂಬುದು ಸಿಗುವುದು ಹೆಚ್ಚಾಗಿ ಅಲ್ಲೇ.

ಹಣದ ವಿಷಯದಲ್ಲಿ ಗಟ್ಟಿಯಾಗಿರಿ. ಮೂರು ತಿಂಗಳ ಬಟ್ಟೆಗೆಂದು ಒಂದು ಮೊತ್ತ ಕೊಟ್ಟುಬಿಡಿ. ಯೂನಿಫಾರ್ಮ್, ಒಳಉಡುಪು ಮನೆಯ ಖರ್ಚಿನಲ್ಲಿರಲಿ. ಮೊದಲ ತಿಂಗಳಲ್ಲೇ ಖಾಲಿ ಮಾಡಿಕೊಂಡರೆ ಬೈಯಬೇಡಿ, ಮತ್ತೆ ತುಂಬಲೂ ಬೇಡಿ. ಹೆಚ್ಚಿನ ಅಪ್ಪ-ಅಮ್ಮಂದಿರು ಸೋಲುವುದು ಇಲ್ಲೇ: ಮಗಳ ಸಪ್ಪೆ ಮುಖ ನೋಡಲಾರದೆ ಇನ್ನಷ್ಟು ಕೊಡುತ್ತಾರೆ, ಅಲ್ಲಿಗೆ ಆ ಮೊತ್ತಕ್ಕೆ ಅರ್ಥವೇ ಉಳಿಯುವುದಿಲ್ಲ.

ಮೂಲೆಯಲ್ಲಿ ಬಿದ್ದಿರುವುದನ್ನು ಇವತ್ತೇ ಅವಳ ಜೊತೆ ಕೂತು ನೋಡಿ. ಟ್ಯಾಗ್ ಇದ್ದು, ವಾಪಸಾತಿಯ ದಿನ ಮುಗಿದಿರದಿದ್ದರೆ ರಿಟರ್ನ್ ಅರ್ಜಿಯನ್ನು ಅವಳ ಕೈಯಲ್ಲೇ ಹಾಕಿಸಿ. ಬಂದ ಹಣ ಅವಳ ಮೂರು ತಿಂಗಳ ಲೆಕ್ಕಕ್ಕೇ ಸೇರಲಿ.