ದೃಷ್ಟಿ ಸರಿಯಿದೆ, ವರದಿಯಲ್ಲಿ ಮಾತ್ರ ‘ಮಾಡರೇಟ್’

ಪ್ರಶ್ನೆ: ನನಗೆ 56 ವರ್ಷ. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಕನ್ನಡಕ ಹಾಕಿಕೊಂಡರೆ ಪತ್ರಿಕೆಯನ್ನು ಸಲೀಸಾಗಿ ಓದುತ್ತೇನೆ. ಆದರೂ ರೆಟಿನಾ ಫೋಟೊ ನೋಡಿ ‘ಮಾಡರೇಟ್ ಎನ್‌ಪಿಡಿಆರ್, ಮ್ಯಾಕ್ಯುಲಾದಲ್ಲಿ ಊತವಿಲ್ಲ’ ಎಂದು ಬರೆದಿದ್ದಾರೆ. ಚಿಕಿತ್ಸೆ ಕೊಡದೆ, ಆರು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ. ‘ಮೈಲ್ಡ್’ ಎಂದಿರುವ ನಮ್ಮ ಭಾವನವರಿಗೆ ಮಾತ್ರ ಕಣ್ಣಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ಹೀಗೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎನ್‌ಪಿಡಿಆರ್ ಎಂದರೆ ಸಕ್ಕರೆ ಕಾಯಿಲೆಯಿಂದ ರೆಟಿನಾದ, ಅಂದರೆ ಕಣ್ಣಿನ ಒಳಪರದೆಯ, ರಕ್ತನಾಳಗಳಿಗೆ ಆಗುವ ಹಾನಿ; ಹೊಸ ನಾಳಗಳು ಹುಟ್ಟುವುದಕ್ಕೆ ಮೊದಲಿನ ಹಂತ. ನಿಮ್ಮ ವರದಿಯಲ್ಲಿರುವುದು ಒಂದಲ್ಲ, ಎರಡು ತೀರ್ಮಾನಗಳು. ‘ಮಾಡರೇಟ್’ ಎಂಬುದು ಇಡೀ ರೆಟಿನಾದ ರಕ್ತನಾಳಗಳ ಸ್ಥಿತಿಯನ್ನು ಹೇಳುತ್ತದೆ. ಸೂಕ್ಷ್ಮ ರಕ್ತನಾಳಗಳ ಗೋಡೆ ಉಬ್ಬಿ ಉಂಟಾದ ಕೆಂಪು ಚುಕ್ಕೆಗಳಷ್ಟೇ ಕಂಡರೆ ಅದು ಮೈಲ್ಡ್. ಅವುಗಳ ಜೊತೆಗೆ ರಕ್ತದ ಕಲೆಗಳೋ ಹಳದಿ ಜಿಡ್ಡಿನ ಕಣಗಳೋ ಇದ್ದರೆ ಮಾಡರೇಟ್. ರೆಟಿನಾವನ್ನು ನಾಲ್ಕು ಭಾಗ ಮಾಡಿ ನೋಡಿದಾಗ ನಾಲ್ಕರಲ್ಲೂ ಹೇರಳ ರಕ್ತಸ್ರಾವ, ಅಥವಾ ಎರಡರಲ್ಲಿ ಮಣಿಸರದಂತೆ ಗಂಟುಗಂಟಾದ ಅಭಿಧಮನಿ, ಅಥವಾ ಒಂದರಲ್ಲಾದರೂ ಎದ್ದುಕಾಣುವಂತೆ ಅಡ್ಡಾದಿಡ್ಡಿ ಹರಡಿದ ಸೂಕ್ಷ್ಮನಾಳಗಳು ಕಂಡರೆ ‘ಸಿವಿಯರ್’ ಎನ್ನುತ್ತಾರೆ. ಈ ಮೂರರಲ್ಲಿ ಒಂದಿದ್ದರೂ ಸಾಕು. ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದೇ ವರ್ಷದೊಳಗೆ ಸುಲಭವಾಗಿ ಒಡೆಯುವ ಹೊಸ ನಾಳಗಳು ಹುಟ್ಟುತ್ತವೆ. ಸಾಮಾನ್ಯವಾಗಿ ಲೇಸರ್ ಬೇಕಾಗುವುದು ಆ ಹಂತದಲ್ಲಿ. ಲೇಸರ್‌ನಿಂದ ಪಕ್ಕದ ನೋಟ ಮತ್ತು ರಾತ್ರಿಯ ನೋಟ ಸ್ವಲ್ಪ ಕುಗ್ಗಬಹುದಾದ್ದರಿಂದ ನಿಮಗೀಗ ಅದನ್ನು ಮಾಡದಿರುವುದೇ ಸರಿ.

ಎರಡನೆಯದು ಮ್ಯಾಕ್ಯುಲಾ, ಅಂದರೆ ಓದಲು, ಮುಖ ಗುರುತಿಸಲು ಬೇಕಾದ ನಡುಭಾಗ. ಅಲ್ಲಿ ನೀರು ತುಂಬಿ ಊತ ಬರಲು ಕಾಯಿಲೆ ಮುಂದಿನ ಹಂತಕ್ಕೆ ಹೋಗಲೇಬೇಕೆಂದಿಲ್ಲ. ಭಾವನವರಿಗೆ ಇಂಜೆಕ್ಷನ್ ಕೊಟ್ಟಿರುವುದು ಬಹುಶಃ ಇದಕ್ಕಾಗಿಯೇ. ಫೋಟೊದಲ್ಲಿ ಊತದ ದಪ್ಪ ನೇರವಾಗಿ ಕಾಣುವುದಿಲ್ಲ. ಅದನ್ನು ಅಳೆಯುವುದು ಓಸಿಟಿ ಸ್ಕ್ಯಾನ್.

ಆದ್ದರಿಂದ ನಿಮ್ಮನ್ನು ಕಡೆಗಣಿಸಿಲ್ಲ. ಆದರೆ ‘ಚೆನ್ನಾಗಿ ಕಾಣಿಸುತ್ತಿದೆಯಲ್ಲ’ ಎಂದು ಮುಂದಿನ ತಪಾಸಣೆಯನ್ನು ನೀವೇ ಕಡೆಗಣಿಸಬಾರದು. ಹೊಸ ನಾಳಗಳು ಬೆಳೆದ ಮೇಲೂ, ಅವು ಒಡೆಯುವವರೆಗೆ, ನೋಟ ನೆಟ್ಟಗೇ ಇರಬಹುದು. ಈ ಅವಧಿಯಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿರಲಿ; ನಿಮ್ಮ ಹಂತದಲ್ಲಿ ಚಿಕಿತ್ಸೆಯೆಂದರೆ ಅದೇ. ಕಣ್ಣ ಮುಂದೆ ಕಪ್ಪು ಎಳೆಗಳು ದಿಢೀರನೆ ತೇಲಿದರೆ, ಪರದೆ ಇಳಿದಂತಾದರೆ ಅಥವಾ ಬಾಗಿಲ ಚೌಕಟ್ಟು ಸೊಟ್ಟಗೆ ಕಂಡರೆ ಆರು ತಿಂಗಳು ಕಾಯಬೇಡಿ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಈಗಿನ ಫೋಟೊದ ಪ್ರತಿಯನ್ನು ಕೇಳಿ ಪಡೆದು ಒಯ್ಯಿರಿ. ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದರೆ ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದು ವೈದ್ಯರಿಗೆ ಸ್ಪಷ್ಟವಾಗುತ್ತದೆ.